ಬೀಗ ಹಾಕಿದ ಮನೆಯೊಳಗೆ ಯಾರಿದ್ದರು?



ಕೊರೊನಾ ಕಾಲದ ಮಾತನ್ನು ಈಗೇಕೆ ಎತ್ತುತ್ತೀರಿ, ಅದು ಮುಗಿದ ಕಥೆಯಲ್ಲವೇ ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ರೋಗದ ಮಟ್ಟಿಗೆ ಆ ಮಾತು ಸರಿ. ಆದರೆ ಆಗ ಮಾಡಿದ ಸಾಲ ಎಲ್ಲರಿಗೂ ತೀರಿಲ್ಲ. ಆಗ ಅಡವಿಟ್ಟ ಓಲೆ ಎಷ್ಟೋ ಮನೆಗಳಿಗೆ ಹಿಂದಿರುಗಿಲ್ಲ. ಆಗ ಶುರುವಾದ ಹೊಡೆತ ಬಡಿತ ಕೆಲವು ಮನೆಗಳಲ್ಲಿ ರೂಢಿಯಾಗಿ ನಿಂತುಬಿಟ್ಟಿದೆ. ನೆರೆಯ ಕೇರಳದಲ್ಲಿ 2018ರಿಂದೀಚೆಗೆ ನಿಪಾ ಮತ್ತೆ ಮತ್ತೆ ತಲೆಯೆತ್ತಿದೆ. 2024ರಲ್ಲಿ ನಮ್ಮ ರಾಜ್ಯ ಸರ್ಕಾರ ಡೆಂಗ್ಯೂವನ್ನು ಸಾಂಕ್ರಾಮಿಕವೆಂದು ಘೋಷಿಸಬೇಕಾಯಿತು. ಊರಿಗೆ ಊರೇ ಇನ್ನೊಮ್ಮೆ ಬಾಗಿಲು ಹಾಕಿಕೊಳ್ಳುವ ದಿನ ಬಂದರೆ ನಮ್ಮ ಹೆಣ್ಣುಮಕ್ಕಳ ಗತಿ ಏನು ಎಂಬ ಪ್ರಶ್ನೆಯನ್ನು ರೋಗವಿಲ್ಲದ ದಿನಗಳಲ್ಲೇ ಕೇಳಿಕೊಳ್ಳಬೇಕು.

2020ರ ಮಾರ್ಚ್ 24ರ ರಾತ್ರಿ ಎಂಟು ಗಂಟೆಗೆ ಪ್ರಧಾನಿಗಳು ಟಿ.ವಿ.ಯಲ್ಲಿ ಬಂದು, ನಡುರಾತ್ರಿಯಿಂದ 21 ದಿನ ಯಾರೂ ಮನೆಯ ಹೊಸಿಲು ದಾಟಬಾರದು ಎಂದರು. ನಾಲ್ಕು ಗಂಟೆಗಳ ಮುನ್ಸೂಚನೆ. ಅಂಟುರೋಗ ಬಂದಾಗ ಜನ ದೂರ ದೂರ ಇರಬೇಕೆಂಬುದನ್ನು ಯಾರೂ ಅಲ್ಲಗಳೆಯುವಂತಿಲ್ಲ. ಪ್ಲೇಗಿನ ಕಾಲದಲ್ಲಿ ನಮ್ಮ ಹಿರಿಯರು ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ಇರುತ್ತಿದ್ದರು. ಪ್ಲೇಗು ಜನರನ್ನು ಮನೆಯಿಂದ ಹೊರಗೆ ಕಳಿಸಿತು, ಕೊರೊನಾ ಮನೆಯೊಳಕ್ಕೆ ನೂಕಿತು. ‘ಮನೆಯಲ್ಲೇ ಇರಿ, ಸುರಕ್ಷಿತವಾಗಿರಿ’ ಎಂದು ಫೋನು ಎತ್ತಿದರೂ ಅದೇ, ರೇಡಿಯೋ ಹಾಕಿದರೂ ಅದೇ. ಈ ಎರಡು ಮಾತು ಎಲ್ಲ ಹೆಂಗಸರ ಪಾಲಿಗೂ ಒಟ್ಟಿಗೆ ಹೋಗುವುದಿಲ್ಲ ಎಂಬುದು ಈ ಪತ್ರಿಕೆಯನ್ನು ಓದುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಹೊಡೆಸಿಕೊಳ್ಳುವ ಹೆಂಗಸೊಬ್ಬಳು ಬದುಕಿ ಉಳಿಯುವುದು ಯಾವುದರ ಬಲದಿಂದ? ಕಾನೂನಿನ ಬಲ ಕೊನೆಗೆ ಬರುವಂಥದ್ದು. ಅದಕ್ಕೂ ಮೊದಲು ಅವಳ ಕೈಯಲ್ಲಿ ನಾಲ್ಕು ಕಾಸಿನ ದುಡಿಮೆ ಇರುತ್ತದೆ. ಬೆಳಗಾದರೆ ಹೊರಗೆ ಹೊರಡಲು ಒಂದು ಕಾರಣ ಇರುತ್ತದೆ. ತೀರಾ ತಡೆಯಲಾರದಾಗ ತವರಿನ ಬಸ್ಸು ಇರುತ್ತದೆ. ವಾರಕ್ಕೊಮ್ಮೆ ಸಂಘದಲ್ಲಿ ಪಕ್ಕ ಕೂತವಳು ‘ಯಾಕವ್ವ ಮುಖ ಊದ್ಕೊಂಡದೆ?’ ಎಂದು ಕೇಳುತ್ತಾಳೆ. ಮಾರ್ಚ್ 24ರ ರಾತ್ರಿ ಇವೆಲ್ಲವೂ ಒಂದೇ ಏಟಿಗೆ ನಿಂತುಹೋದವು.

ದುಡಿಮೆಯ ವಿಷಯವನ್ನೇ ಮೊದಲು ನೋಡೋಣ. ಮಂಡ್ಯ, ಮದ್ದೂರಿನಿಂದ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಹೋಗಿ ಗಾರ್ಮೆಂಟ್ಸಿನಲ್ಲಿ ಹೊಲಿದು, ಮನೆಗೆಲಸ ಮಾಡಿ, ಹೂವು ಸೊಪ್ಪು ಮಾರಿ ರಾತ್ರಿ ಹಿಂದಿರುಗುವ ಹೆಂಗಸರು ಎಷ್ಟು ಮಂದಿ! ದೇಶದ ಪ್ರಯಾಣಿಕ ರೈಲುಗಳೆಲ್ಲ ಮಾರ್ಚ್ 22ರಿಂದಲೇ ನಿಂತವು. ಅವರ ಸೀಸನ್ ಟಿಕೆಟ್ಟು ರದ್ದಿ ಕಾಗದವಾಯಿತು. ಮಳವಳ್ಳಿ ಕಡೆ ರೇಷ್ಮೆಗೂಡನ್ನು ಮಾರಲು ಒದ್ದಾಟ, ಮದ್ದೂರಿನ ಎಳನೀರು ಮಾರುಕಟ್ಟೆಯ ಲಾರಿಗಳಿಗೆ ಅಡ್ಡಿ, ಹೆದ್ದಾರಿಯ ಹೋಟೆಲುಗಳಿಗೆ ಬೀಗ. ಆ ಹೋಟೆಲುಗಳಲ್ಲಿ ವಡೆ ತಟ್ಟುತ್ತಿದ್ದವರು, ಪಾತ್ರೆ ತೊಳೆಯುತ್ತಿದ್ದವರು ಯಾರೆಂದು ಯಾರೂ ಲೆಕ್ಕ ಇಡಲಿಲ್ಲ. ಆ ವರ್ಷದ ಏಪ್ರಿಲ್‌ನಿಂದ ಜೂನ್‌ವರೆಗಿನ ಮೂರು ತಿಂಗಳಲ್ಲಿ ದೇಶದ ಒಟ್ಟು ಉತ್ಪನ್ನ ಶೇ. 23.9ರಷ್ಟು ಕುಸಿಯಿತೆಂದು ಸರ್ಕಾರದ ಮೊದಲ ಅಂದಾಜು ಹೇಳಿತು. ವ್ಯವಸಾಯ ಮಾತ್ರ ಬೆಳೆಯಿತಂತೆ. ಕಾಲೇಜಿನಲ್ಲಿ ಪಾಠ ಮಾಡುವಾಗ ನಾವೂ ಇಂಥ ಅಂಕಿಗಳನ್ನು ಕರಿಹಲಗೆಯ ಮೇಲೆ ಬರೆಯುತ್ತಿದ್ದೆವು. ಆ ಪುಸ್ತಕಗಳಲ್ಲಿ ಕುಟುಂಬವೆಂದರೆ ಒಂದೇ ಜೇಬು, ಒಂದೇ ಮನಸ್ಸು. ಆದಾಯ ಕುಸಿದಾಗ ಮನೆಯೊಳಗೆ ಯಾರ ತಟ್ಟೆಯ ಮುದ್ದೆ ಮೊದಲು ಚಿಕ್ಕದಾಗುತ್ತದೆ ಎಂಬುದಕ್ಕೆ ಅಲ್ಲಿ ಅಧ್ಯಾಯವೇ ಇಲ್ಲ.

ನಮ್ಮ ಜಿಲ್ಲೆಯ ಶ್ರೀರಂಗಪಟ್ಟಣದ ಘಟನೆಯನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು. ಗೋಕಲ್‌ದಾಸ್ ಎಕ್ಸ್‌ಪೋರ್ಟ್ಸ್ ಕಂಪನಿಯ ಗಾರ್ಮೆಂಟ್ಸ್ ಘಟಕವೊಂದು ಅಲ್ಲಿತ್ತು. ಸುಮಾರು 1200 ಕೆಲಸಗಾರರು, ಹೆಚ್ಚಿನವರು ಹೆಂಗಸರು. ಅವರು ಹೊಲಿಯುತ್ತಿದ್ದದ್ದು ಎಚ್ ಅಂಡ್ ಎಂ ಎಂಬ ಸ್ವೀಡನ್ನಿನ ಬಟ್ಟೆ ಕಂಪನಿಗೆ. 2020ರ ಜೂನ್ ತಿಂಗಳ ಮೊದಲ ವಾರ, ಆರ್ಡರುಗಳಿಲ್ಲವೆಂಬ ಕಾರಣ ಕೊಟ್ಟು ಇವರನ್ನು ಲೇ ಆಫ್ ಮಾಡಲಾಯಿತು. ಕಾನೂನಿನಂತೆ ಸರ್ಕಾರದ ಅನುಮತಿ ಪಡೆಯದೆ ಹೀಗೆ ಮಾಡುವಂತಿಲ್ಲ ಎಂಬುದು ಯೂನಿಯನ್ನಿನ ವಾದ. ಆ ಘಟಕದಲ್ಲಿ ಯೂನಿಯನ್ ಬಲವಾಗಿದ್ದುದೇ ಬೀಗಕ್ಕೆ ನಿಜವಾದ ಕಾರಣ ಎಂದು ಕೆಲಸಗಾರರು ದೂರಿದರು. ವಾರಗಟ್ಟಲೆ ಆ ಹೆಂಗಸರು ಫ್ಯಾಕ್ಟರಿಯಲ್ಲೇ ಧರಣಿ ಕೂತರು. ಕಾಯಿಲೆಯ ಭಯ ಒಂದು ಕಡೆ, ಮನೆಯಲ್ಲಿ ಗಂಡ ಮಕ್ಕಳ ಹೊಟ್ಟೆ ಇನ್ನೊಂದು ಕಡೆ. ದಿನ ಕಳೆದಂತೆ ಅನೇಕರು ಬಂದಷ್ಟು ಹಣ ತೆಗೆದುಕೊಂಡು ರಾಜೀನಾಮೆಗೆ ಸಹಿ ಹಾಕಬೇಕಾಯಿತು. ಗಾರ್ಮೆಂಟ್ ಅಂಡ್ ಟೆಕ್ಸ್‌ಟೈಲ್ ವರ್ಕರ್ಸ್ ಯೂನಿಯನ್ ಬಿಡಲಿಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಗಳು ಜೊತೆಗೆ ನಿಂತವು, ಬಟ್ಟೆ ಕೊಳ್ಳುವ ಕಂಪನಿಯ ಮೇಲೂ ಒತ್ತಡ ಬಿತ್ತು. ಕೊನೆಗೆ 2021ರಲ್ಲಿ ಕೆಲಸ ಕಳೆದುಕೊಂಡವರನ್ನು ಮತ್ತೆ ಸೇರಿಸಿಕೊಳ್ಳುವ ಒಪ್ಪಂದವಾಯಿತು. ಒಬ್ಬೊಬ್ಬರೇ ಮನೆಯಲ್ಲಿ ಕೂತು ಹಣೆಬರಹವನ್ನು ಹಳಿದುಕೊಂಡಿದ್ದರೆ ಈ ಒಪ್ಪಂದ ಆಗುತ್ತಿರಲಿಲ್ಲ.

ಆದರೆ ಆ ತಿಂಗಳುಗಳಲ್ಲಿ ಅವರ ಮನೆಗಳಲ್ಲಿ ಏನಾಯಿತು? ಸಂಬಳ ತರುವ ಸೊಸೆಗೆ ಅತ್ತೆಮನೆಯಲ್ಲಿ ಒಂದು ಬೆಲೆ ಇರುತ್ತದೆ. ಆ ಸಂಬಳವೇ ಅವಳು ಕಂತು ಕಂತಾಗಿ ತರುತ್ತಿರುವ ವರದಕ್ಷಿಣೆ ಎಂದರೂ ತಪ್ಪಿಲ್ಲ. ಸಂಬಳ ನಿಂತ ದಿನ ಹಳೆಯ ಲೆಕ್ಕ ಹೊರಗೆ ಬರುತ್ತದೆ. ಮದುವೆಯಲ್ಲಿ ಕೊಡುತ್ತೇವೆ ಎಂದ ಗಾಡಿ ಎಲ್ಲಿ, ಬರೆದ ಚಿನ್ನದಲ್ಲಿ ಇನ್ನೂ ಎಷ್ಟು ಬಾಕಿ, ಹೀಗೆ. ಗಂಡನ ಕೆಲಸವೂ ಹೋಗಿದ್ದರೆ ಕೇಳುವುದೇ ಬೇಡ. ಆಟೋದ ಕಂತಿಗೆ, ಬೋರ್‌ವೆಲ್ಲಿಗೆ, ಅಂಗಡಿ ಮತ್ತೆ ತೆರೆಯಲು ಬಂಡವಾಳಕ್ಕೆ ಎಲ್ಲಕ್ಕೂ ಒಂದೇ ಬ್ಯಾಂಕು: ‘ನಿಮ್ಮಪ್ಪನ ಮನೇಲಿ ಇಸ್ಕೊಂಡು ಬಾ.’ ಬಡ್ಡಿಯಿಲ್ಲ, ವಾಯಿದೆಯಿಲ್ಲ, ಹಿಂದಿರುಗಿಸುವ ಮಾತಂತೂ ಇಲ್ಲ. ಅಲ್ಲಿ ಅಪ್ಪನ ಮನೆಯಲ್ಲೂ ಕೂಲಿ ನಿಂತಿದೆ ಎಂಬುದು ಕೇಳುವವನಿಗೆ ಬೇಕಿಲ್ಲ. ವರದಕ್ಷಿಣೆ ಎಂದರೆ ಮದುವೆಯ ಹೊತ್ತಿನಲ್ಲಿ ಕೊಟ್ಟು ಮುಗಿಸುವ ಬಾಬತ್ತು ಎಂದು ತಿಳಿದವರು ಇದನ್ನು ಗಮನಿಸಬೇಕು. 1961ರ ಕಾಯ್ದೆ ಮದುವೆಯ ನಂತರ ಯಾವಾಗ ಕೇಳಿದರೂ ಅದು ಅಪರಾಧವೇ ಎನ್ನುತ್ತದೆ. ಮನೆ ಕಟ್ಟಲು ತವರಿನಿಂದ ದುಡ್ಡು ತಾ ಎನ್ನುವುದೂ ವರದಕ್ಷಿಣೆಯೇ ಎಂದು ಸುಪ್ರೀಂ ಕೋರ್ಟು 2022ರ ಜನವರಿಯಲ್ಲಿ ಸ್ಪಷ್ಟವಾಗಿ ಹೇಳಿದೆ.

ಐವತ್ತೇ ಜನರ ಮದುವೆ ಎಂಬ ನಿಯಮ ಬಂದಾಗ ನಮ್ಮಲ್ಲಿ ಕೆಲವರು ಸಂತೋಷಪಟ್ಟೆವು. ಛತ್ರವಿಲ್ಲ, ವಾಲಗವಿಲ್ಲ, ಸಾವಿರ ಎಲೆಯ ಊಟವಿಲ್ಲ, ಹೆಣ್ಣು ಹೆತ್ತವರು ಉಸಿರಾಡಿದರು ಎಂದುಕೊಂಡೆವು. ಗಂಡಿನ ಕಡೆಯವರು ಅಷ್ಟು ದಡ್ಡರಲ್ಲ. ‘ಛತ್ರದ ಖರ್ಚು ನಿಮಗೆ ಉಳಿಯಿತಲ್ಲ, ಅದನ್ನು ಹುಡುಗನ ಕೈಗೆ ಕೊಡಿ’ ಎಂಬ ಹೊಸ ವರಸೆ ಶುರುವಾಯಿತು. 2020ರ ಆರಂಭದಲ್ಲಿ ಹತ್ತು ಗ್ರಾಂ ಚಿನ್ನ 40 ಸಾವಿರದ ಆಸುಪಾಸು ಇದ್ದದ್ದು ಆಗಸ್ಟ್ ಹೊತ್ತಿಗೆ 55 ಸಾವಿರ ದಾಟಿತ್ತು. ಮಾತು ಕೊಟ್ಟ ಗ್ರಾಮುಗಳನ್ನು ಮಾತ್ರ ಯಾರೂ ಇಳಿಸಲಿಲ್ಲ. ಶಾಲೆಗಳು ಮುಚ್ಚಿದ್ದರಿಂದ ಮನೆಯಲ್ಲಿ ಕೂತ ಹುಡುಗಿಯರನ್ನು, ಕಡಿಮೆ ಖರ್ಚಿನಲ್ಲಿ ಮುಗಿದುಹೋಗುತ್ತದೆಂದು ವಯಸ್ಸಿಗೆ ಮುಂಚೆಯೇ ಧಾರೆಯೆರೆದವರೂ ಇದ್ದಾರೆ.

ಈಗ ಸರ್ಕಾರದ ಅಂಕಿಗಳನ್ನು ನೋಡಿ. ಗಂಡ ಮತ್ತು ಅವನ ಮನೆಯವರ ಕ್ರೌರ್ಯದ ವಿರುದ್ಧ, ಅಂದರೆ ಆಗಿನ 498ಎ ಕಲಮಿನಡಿ, 2019ರಲ್ಲಿ ದೇಶದಾದ್ಯಂತ 1,25,298 ಪ್ರಕರಣ ದಾಖಲಾಗಿದ್ದವು. 2020ರಲ್ಲಿ 1,11,549. ಅಂದರೆ ಕಡಿಮೆಯಾಯಿತು! ಗಂಡಂದಿರು ಮನೆಯಲ್ಲಿ ಕೂತು ಸುಧಾರಿಸಿದರೆಂದು ನಂಬುವುದಾದರೆ ನಂಬಬಹುದು. ಆದರೆ ಅದೇ ವರ್ಷ ರಾಷ್ಟ್ರೀಯ ಮಹಿಳಾ ಆಯೋಗಕ್ಕೆ ಬಂದ ದೂರುಗಳು ಹಿಂದಿನ ಆರು ವರ್ಷಗಳಲ್ಲೇ ಅತಿ ಹೆಚ್ಚು. 23 ಸಾವಿರಕ್ಕೂ ಮೀರಿದ ದೂರುಗಳಲ್ಲಿ ಐದು ಸಾವಿರಕ್ಕೂ ಹೆಚ್ಚು ಮನೆಯೊಳಗಿನ ಹಿಂಸೆಗೆ ಸಂಬಂಧಿಸಿದವು. ಆಯೋಗ ಏಪ್ರಿಲ್ 10ರಂದು ವಾಟ್ಸಾಪ್ ನಂಬರನ್ನೇ ತೆರೆಯಬೇಕಾಯಿತು. ಇನ್ನು ವರದಕ್ಷಿಣೆ ಸಾವುಗಳು ಆ ವರ್ಷವೂ ಏಳು ಸಾವಿರದ ಹತ್ತಿರವೇ ಇದ್ದವು. ಹೆಣವನ್ನು ಲೆಕ್ಕದಿಂದ ಮರೆಮಾಚುವುದು ಕಷ್ಟ, ಬಾಸುಂಡೆಯನ್ನು ಮರೆಮಾಚುವುದು ಸುಲಭ. 2021ರಲ್ಲಿ ಬಾಗಿಲುಗಳು ತೆರೆದಂತೆ ಕ್ರೌರ್ಯದ ಪ್ರಕರಣಗಳು 1,36,234ಕ್ಕೆ ಏರಿದವು. 2020ರಲ್ಲಿ ಇಳಿದದ್ದು ಠಾಣೆಯ ಮೆಟ್ಟಿಲು ಹತ್ತಲು ಸಾಧ್ಯವಾದ ಹೆಂಗಸರ ಸಂಖ್ಯೆ. ವಾಟ್ಸಾಪಿನಲ್ಲಿ ದೂರು ಕೊಡಬಲ್ಲವಳು ಸ್ವಂತ ಫೋನು, ಅಕ್ಷರ, ಜೊತೆಗೆ ಅರ್ಧ ಗಂಟೆಯ ಏಕಾಂತ ಉಳ್ಳವಳು. ಇಪ್ಪತ್ತು ಅಡಿ ಉದ್ದದ ಮನೆಯಲ್ಲಿ ಏಳು ಜನ ಕೂತಿರುವಾಗ ಆ ಏಕಾಂತ ಎಲ್ಲಿಂದ ಬರಬೇಕು?

ಸರ್ಕಾರ ಏನೂ ಮಾಡಲಿಲ್ಲ ಎಂದರೆ ಅನ್ಯಾಯವಾದೀತು. ರೇಷನ್ ಕೊಟ್ಟಿತು. ಹೆಂಗಸರ ಜನಧನ ಖಾತೆಗೆ ಮೂರು ತಿಂಗಳು ತಲಾ 500 ರೂಪಾಯಿ ಹಾಕಿತು. ಆದರೆ ಮೇ 4ರಂದು ರಾಜ್ಯದಲ್ಲಿ ಮದ್ಯದಂಗಡಿಗಳು ತೆರೆದವು. ಮೊದಲ ದಿನ 45 ಕೋಟಿ, ಮರುದಿನ 197 ಕೋಟಿ ರೂಪಾಯಿಯ ಮಾರಾಟವಾಯಿತು. ರೈಲಿಲ್ಲ, ಶಾಲೆಯಿಲ್ಲ, ಸಂಘದ ಸಭೆಗೆ ಅನುಮತಿಯಿಲ್ಲ, ಬ್ರಾಂದಿ ಅಂಗಡಿ ಮಾತ್ರ ಇದೆ. ಯಾವುದು ಜನಜೀವನಕ್ಕೆ ಅಗತ್ಯ ಎಂಬ ಪಟ್ಟಿಯನ್ನು ಮಾಡಿದವರು ಎಂಥವರೆಂದು ಇದರಿಂದಲೇ ತಿಳಿಯುತ್ತದೆ. ಕೌಟುಂಬಿಕ ಹಿಂಸೆ ಕಾಯ್ದೆಯ ರಕ್ಷಣಾಧಿಕಾರಿ ಎಂಬ ಹೆಸರು ಅಗತ್ಯ ಸೇವೆಗಳ ಮೊದಲ ಪಟ್ಟಿಯಲ್ಲಿ ಇರಲಿಲ್ಲ.

ಸಾಲದ ಮಾತು ನಿಮಗೇ ಚೆನ್ನಾಗಿ ಗೊತ್ತು. ರಿಸರ್ವ್ ಬ್ಯಾಂಕು ಆಗಸ್ಟ್‌ವರೆಗೆ ಕಂತು ಮುಂದೂಡಲು ಅವಕಾಶ ಕೊಟ್ಟಿತು, ಆದರೆ ಬಡ್ಡಿ ಒಂದು ದಿನವೂ ನಿಲ್ಲಲಿಲ್ಲ. ‘ಸಾಲ ಮನ್ನಾ’ ಎಂದು ತಿಳಿದವರಿಗೆ ಸೆಪ್ಟೆಂಬರಿನಲ್ಲಿ ತಲೆ ತಿರುಗಿತು. ಒಂದನ್ನು ತೀರಿಸಲು ಇನ್ನೊಂದು ಮೈಕ್ರೋ ಫೈನಾನ್ಸು, ಅದಕ್ಕೆ ಮತ್ತೊಂದು. ವಸೂಲಿಗೆ ಬಂದವರು ಬಾಗಿಲಲ್ಲಿ ಕೂತರೆ ಒಳಗೆ ಏಟು ಬೀಳುವುದು ಸಾಲಕ್ಕೆ ಸಹಿ ಹಾಕಿದ ಹೆಂಡತಿಗೆ, ದುಡ್ಡು ಖರ್ಚು ಮಾಡಿದವನು ಯಾರೇ ಆಗಿರಲಿ. ಈ ಕಿರುಕುಳ ನಮ್ಮ ತಾಲ್ಲೂಕುಗಳಲ್ಲೂ ಪ್ರಾಣ ತೆಗೆಯುವ ಮಟ್ಟಕ್ಕೆ ಹೋದ ಮೇಲೆ, 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಬಲವಂತದ ವಸೂಲಿಯನ್ನು ತಡೆಯುವ ಸುಗ್ರೀವಾಜ್ಞೆ ತಂದಿತು.

ಹಾಗಾದರೆ ಮುಂದಿನ ಸಲಕ್ಕೆ ನಾವೇನು ಮಾಡಿಕೊಳ್ಳಬೇಕು? ಸ್ಪೇನ್ ದೇಶದ ಕ್ಯಾನರಿ ದ್ವೀಪಗಳಲ್ಲಿ 2020ರಲ್ಲಿ ಒಂದು ಉಪಾಯ ಮಾಡಿದರು. ಔಷಧಿ ಅಂಗಡಿಗೆ ಹೋಗಿ ‘ಮಾಸ್ಕ್ 19 ಕೊಡಿ’ ಎಂದು ಕೇಳಿದರೆ ಅಂಗಡಿಯವರು ಪೊಲೀಸರಿಗೆ ಫೋನು ಮಾಡುತ್ತಿದ್ದರು. ನಮ್ಮ ಹಳ್ಳಿಗಳಲ್ಲಿ ಔಷಧಿ ಅಂಗಡಿ ಇಲ್ಲ, ಆದರೆ ಹಾಲಿನ ಡೇರಿ ಇದೆ. ಎಲ್ಲವೂ ಮುಚ್ಚಿದ್ದಾಗಲೂ ಬೆಳಿಗ್ಗೆ ಸಂಜೆ ಕ್ಯಾನು ಹಿಡಿದು ಡೇರಿಗೆ ಹೋಗುವುದನ್ನು ಯಾರೂ ತಡೆಯಲಿಲ್ಲ. ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಗೆ ಹಾಲು ಹೋಗುತ್ತಲೇ ಇತ್ತು. ಹಸುವಿಗೆ ಕೊರೊನಾ ಗೊತ್ತಿಲ್ಲವಲ್ಲ! ಹಾಲು ಹಾಕಲು ಬಂದವಳು ಒಂದು ಗೊತ್ತಾದ ಮಾತನ್ನು ಹೇಳಿದರೆ, ಡೇರಿಯಲ್ಲಿ ಹಾಲು ಅಳೆಯುವವರೋ ಸಂಘದ ಪ್ರತಿನಿಧಿಯೋ ಅದನ್ನು ಅರಿತು ಮುಂದಕ್ಕೆ ತಿಳಿಸುವ ಏರ್ಪಾಡು ಆಗಬೇಕು. ಮಹಿಳಾ ಹಾಲು ಉತ್ಪಾದಕರ ಸಂಘಗಳಿರುವ ಊರುಗಳಲ್ಲಿ ಇದು ಇನ್ನೂ ಸುಲಭ. ಆ ಮಾತು ಯಾವುದೆಂದು ಇಲ್ಲಿ ಅಚ್ಚು ಹಾಕುವುದಿಲ್ಲ. ಪತ್ರಿಕೆಯನ್ನು ಗಂಡಂದಿರೂ ಓದುತ್ತಾರೆ. ಒಂದೊಂದು ಸಂಘವೂ ತನ್ನದೇ ಮಾತನ್ನು ಆರಿಸಿಕೊಳ್ಳಲಿ. ಡೇರಿಯ ಮಾತು ಬಂದಾಗ ಇದನ್ನೂ ನೋಡಿ: ಹಸು ಮೇಯಿಸುವವಳು ನೀವು, ಹಾಲಿನ ಬಟವಾಡೆ ಯಾರ ಖಾತೆಗೆ ಹೋಗುತ್ತಿದೆ?

ಹೀಗೆ ತಿಳಿಸಿದರೆ ನಮ್ಮ ಮೇಲೇ ಕೇಸು ಬಿದ್ದೀತು ಎಂಬ ಹೆದರಿಕೆ ಬೇಡ. 2005ರ ಕೌಟುಂಬಿಕ ಹಿಂಸೆ ಕಾಯ್ದೆಯ 4ನೇ ಕಲಮಿನ ಪ್ರಕಾರ ಹಿಂಸೆ ನಡೆದಿದೆ, ನಡೆಯುತ್ತಿದೆ ಅಥವಾ ನಡೆಯಲಿದೆ ಎಂದು ನಂಬಲು ಕಾರಣವಿರುವ ಯಾರು ಬೇಕಾದರೂ ರಕ್ಷಣಾಧಿಕಾರಿಗೆ ತಿಳಿಸಬಹುದು. ಒಳ್ಳೆಯ ಉದ್ದೇಶದಿಂದ ತಿಳಿಸಿದವರ ಮೇಲೆ ಹೊಣೆ ಬರುವುದಿಲ್ಲ. ನಮ್ಮಲ್ಲಿ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ, ನೀವು ಸಿ.ಡಿ.ಪಿ.ಓ. ಎನ್ನುತ್ತೀರಲ್ಲ, ಅವರೇ ರಕ್ಷಣಾಧಿಕಾರಿ. ಅಂಗನವಾಡಿ ಕಾರ್ಯಕರ್ತೆಯ ಮೂಲಕ ಅವರಿಗೆ ಸುದ್ದಿ ಮುಟ್ಟಿಸಲು ಒಂದು ದಿನವೂ ಬೇಡ. ಅದೇ ಕಾಯ್ದೆಯ 17ನೇ ಕಲಮಿನಂತೆ, ಮನೆ ಯಾರ ಹೆಸರಿನಲ್ಲಿದ್ದರೂ ಅಲ್ಲಿ ವಾಸಿಸುವ ಹಕ್ಕು ಹೆಂಡತಿಗೆ ಇದೆ. ಫೋನು ಸಿಕ್ಕವರಿಗೆ 181 ಮತ್ತು 112 ಇದ್ದೇ ಇವೆ.

ಮುಂದಿನ ಗ್ರಾಮಸಭೆಯಲ್ಲಿ ಕೇಳಬೇಕಾದದ್ದು ಎರಡು. ಯಾವ ರೋಗ ಬಂದು ಯಾವ ನಿರ್ಬಂಧ ಹಾಕಿದರೂ, ಅಂತರ ಬಿಟ್ಟು ಕೂರುವ ಹತ್ತು ಹೆಂಗಸರ ಸಂಘದ ಸಭೆಗೆ ಅನುಮತಿ ಇರಬೇಕು. ರಕ್ಷಣಾಧಿಕಾರಿಯನ್ನು ಬೇರೆ ಕೆಲಸಕ್ಕೆ ಹಾಕದೆ, ಅವರ ಸೇವೆಯನ್ನು ಆಸ್ಪತ್ರೆ, ಹಾಲು, ರೇಷನ್ನುಗಳ ಪಟ್ಟಿಯಲ್ಲಿ ಸೇರಿಸಬೇಕು. ಇದನ್ನು ನಿರ್ಣಯವಾಗಿ ಪುಸ್ತಕದಲ್ಲಿ ಬರೆಸಿ, ಪ್ರತಿ ಕೇಳಿ ಪಡೆಯಿರಿ. ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಸಂಘಗಳು ಆ ಪ್ರತಿಯನ್ನು ನಮಗೂ ಕಳಿಸಿದರೆ ಒಟ್ಟುಮಾಡಿ ಜಿಲ್ಲಾಧಿಕಾರಿಗಳಿಗೆ ಕೊಡುತ್ತೇವೆ.