ಬೀಗ ಟ್ರಂಕಿಗೆ, ಬಾಗಿಲಿಗಲ್ಲ!

ನಾಯಕನನ್ನು ಕೋಣೆಯೊಳಗೆ ತಳ್ಳಿ ಬಾಗಿಲು ಜಡಿದರೆ ಆತ ಏನು ಮಾಡುತ್ತಾನೆ? ಒಂದೇ ಒದೆತ, ಬಾಗಿಲು ನುಚ್ಚುನೂರು, ಥಿಯೇಟರಿನಲ್ಲಿ ಸಿಳ್ಳೆಯೋ ಸಿಳ್ಳೆ! ಆದರೆ ಒದೆಯದೆ, ಬರೀ ತಲೆ ಓಡಿಸಿ ಹೊರಬರುವ ಆಟವೊಂದಿದೆ ಮಿತ್ರರೇ. 2007ರಲ್ಲಿ ಜಪಾನಿನ ಕ್ಯೋಟೋದಲ್ಲಿ ಶುರುವಾದದ್ದು. ಅಡಗಿಸಿಟ್ಟ ಸುಳಿವು ಹುಡುಕಿ, ಒಗಟು ಬಿಡಿಸಿ, ಹೊತ್ತು ಮೀರುವುದರೊಳಗೆ ಬೀಗ ತೆಗೆಯಬೇಕು. 2016ರಲ್ಲಿ ಜರ್ಮನಿಯವರು ಇದನ್ನೇ ಪೆಟ್ಟಿಗೆಯಲ್ಲಿ ತುಂಬಿ, ಮನೆಯಲ್ಲಿ ಆಡಿಕೊಳ್ಳಿ ಅಂತ ಮಾರಿದರು. ಆಡುತ್ತ ಆಡುತ್ತ ಅದರ ಕಾಗದ ಕತ್ತರಿಸಬೇಕು, ಮಡಚಬೇಕು. ಹಾಗಾಗಿ ಒಂದೇ ಷೋ! ದುಡ್ಡು ದಂಡ ಅಂತ ನನ್ನ ಲೆಕ್ಕ.

ಹಾನಗಲ್ಲಿನ ಅಕ್ಕನ ಮನೆಯಲ್ಲಿ ನಾನು ದುಡ್ಡಿಲ್ಲದೆ ಆಡಿಸಿದೆ. ಹಳೇ ಟ್ರಂಕಿಗೆ ಮೂರಂಕಿಯ ನಂಬರ್ ಬೀಗ, ಒಳಗೆ ಸವಣೂರು ಖಾರಾದ ಪೊಟ್ಟಣ. ಗೋಡೆಯ ಮೇಲೆ ಬಸ್ಸಿನ ಬೋರ್ಡಿನಂಥ ಚೀಟಿ: ‘ಬಾಡ – ಅಬಲೂರು – ಶಿಶುನಾಳ. ಕೊನೆಯ ಅಂಕಿಯೇ ಟಿಕೇಟು.’ ಮೂಲೆಯಲ್ಲಿ ಸಿನಿಮಾ ಹಾಡಿನ ಪುಸ್ತಕಗಳ ರಾಶಿ, ಒಂದೊಂದರ ಮೇಲೂ ಪೆನ್ಸಿಲಿನಲ್ಲಿ ಇಸವಿ.

ಅಕ್ಕನ ಮಗ, ಅವನ ಇಬ್ಬರು ಗೆಳೆಯರು ಮೊದಲು ಬಸ್ಸಿನ ಟೈಮು ಲೆಕ್ಕ ಹಾಕಿದರು! ಅರ್ಧ ಗಂಟೆಯಾದ ಮೇಲೆ ಒಬ್ಬನಿಗೆ ಹೊಳೆಯಿತು. ಶಿಗ್ಗಾವಿ ತಾಲೂಕಿನ ಬಾಡ ಕನಕದಾಸರದು, ಹಿರೇಕೆರೂರು ಕಡೆಯ ಅಬಲೂರು ಸರ್ವಜ್ಞನದು, ಶಿಶುನಾಳ ಶರೀಫರದು. ಮೂವರೂ ಒಗಟಿನಲ್ಲಿ ಮಾತಾಡಿದವರೇ. ಮೂವರ ಮೇಲೂ ಚಿತ್ರ ಬಂದಿದೆ. ಅಣ್ಣಾವ್ರ ‘ಭಕ್ತ ಕನಕದಾಸ’ 1960, ‘ಸರ್ವಜ್ಞಮೂರ್ತಿ’ 1965, ನಾಗಾಭರಣರ ‘ಸಂತ ಶಿಶುನಾಳ ಶರೀಫ’ 1990. ಸೊನ್ನೆ, ಐದು, ಸೊನ್ನೆ... ಟಕ್!

ಸುಳಿವೆಲ್ಲ ಕಣ್ಣೆದುರಿಗೇ ಇರಬೇಕು, ಅದು ಈ ಆಟದ ನ್ಯಾಯ. ಕೊನೇ ರೀಲಿನಲ್ಲಿ ಎಲ್ಲಿಂದಲೋ ಅವಳಿ ತಮ್ಮನನ್ನು ತಂದು ನಿಲ್ಲಿಸೋ ಕಥೆಗಾರರ ಕೈಗೆ ಇದನ್ನು ಕೊಡಲೇಬಾರದು!

“ಮಾಮಾ, ಮುಂದಿನ ಸಲ ಹೊರಗಿಂದ ಬಾಗಲಾ ಕೀಲಿ ಹಾಕ್ರಿ, ಅಂದ್ರ ಖರೇ ಮಜಾ!” ಅಂದ ಅಕ್ಕನ ಮಗ.

ಬೇಡಪ್ಪಾ. 2019ರ ಜನವರಿಯಲ್ಲಿ ಪೋಲೆಂಡಿನ ಕೊಶಾಲಿನ್ ಎಂಬ ಊರಲ್ಲಿ ಹುಟ್ಟುಹಬ್ಬಕ್ಕೆಂದು ಇಂಥ ಕೋಣೆ ಹೊಕ್ಕ 15 ವರ್ಷದ 5 ಜನ ಹುಡುಗಿಯರು, ಬೆಂಕಿ ಬಿದ್ದಾಗ ಹೊರಬರಲಾಗದೆ ಸತ್ತರು. ನಮ್ಮಲ್ಲಂತೂ ಕರೆಂಟು ಹೋದರೆ ಮೇಣದಬತ್ತಿ ಹುಡುಕುತ್ತೇವೆ. ಬೀಗ ಟ್ರಂಕಿಗಷ್ಟೇ. ಕೋಣೆಯ ಚಿಲಕ ಕೂಡ ಹಾಕಬೇಡಿ.

ಇದನ್ನೆಲ್ಲ ನೋಡುತ್ತ ಕೂತಿದ್ದ ಅಕ್ಕನ ಅತ್ತೆ ನಕ್ಕರು. “ಇದೇನ್ ಹೊಸಾದೇನ್ರಪಾ? ಮದವ್ಯಾಗ ಬಾಗಲಾ ತಡದು, ಒಡಪಾ ಹಾಕಿ ಹೆಸರು ಹೇಳಿದ್ರನ ಒಳಗ ಬಿಡ್ತೀವಿ ಅಂತಿದ್ವಿ. ನಮ್ಮ ಮನಿಯವರು ಬಾಯಿ ಬಿಡವಲ್ಲರು, ಹೊಸ್ತಲದಾಗ ಒಂದು ತಾಸು ನಿಂತಿದ್ರು!”

ಖಾರಾ ಮುಕ್ಕುತ್ತಿದ್ದ ಮೂವರಲ್ಲಿ ಒಬ್ಬನ ಕೈ ಅಲ್ಲೇ ನಿಂತಿತು. ಬರೋ ಮಾಘದಲ್ಲಿ ಅವನ ಮದುವೆ. ನನ್ನ ಕಿವಿಯ ಮೇಲಿದ್ದ ಪೆನ್ಸಿಲ್ ಕಿತ್ತುಕೊಂಡು ಅವರ ಹತ್ತಿರ ಸರಿದು ಕೂತ. “ಅಜ್ಜೀ, ಒಡಪಾ ಹೆಂಗ್ ಕಟ್ಟೂದು, ಒಂದೀಟು ಹೇಳ್ರಿ...”