ಸಮಾನ ನಿಯಮ, ಅಸಮಾನ ಬಾಳು

ಸಮಾಜದ ಮೇಲುಕೀಳುಗಳನ್ನು ಅಳೆಯಲು ವರಮಾನವೊಂದೇ ಸಾಕೆಂದು ಕೆಲವರೂ, ಜಾತಿಯೊಂದೇ ಸಾಕೆಂದು ಕೆಲವರೂ ವಾದಿಸುವುದುಂಟು. ಬೆಳಗಿನ ಹೊತ್ತಿನಲ್ಲಿ ಯಶವಂತಪುರವನ್ನು ದಾಟಿ ತುಮಕೂರು ರಸ್ತೆಯಲ್ಲಿ ಗೊರಗುಂಟೆಪಾಳ್ಯ, ಪೀಣ್ಯಗಳತ್ತ ನಡೆದವರಿಗೆ ಈ ಎರಡು ವಾದಗಳೂ ಅಪೂರ್ಣವೆಂದು ತೋರದಿರದು. ಸಿದ್ಧ ಉಡುಪಿನ ಕಾರ್ಖಾನೆಗಳ ಕಡೆಗೆ ಬುತ್ತಿಯ ಚೀಲ ಹಿಡಿದು ಧಾವಿಸುವವರಲ್ಲಿ ಹೆಂಗಸರೇ ಅಧಿಕ; ಹಳ್ಳಿಯನ್ನು ಬಿಟ್ಟು ಬಂದವರು ಅವರಲ್ಲಿ ಬಹುಮಂದಿ. ಹೊಲಿಗೆಯ ಯಂತ್ರದ ಮುಂದೆ ಅಂಥವಳು ಕೂಲಿಕಾರಳು. ಮನೆಯಲ್ಲಿ ಕೂಲಿಯಿಲ್ಲದ ದುಡಿಮೆಯವಳು. ಬಾಡಿಗೆಗೆ ಮನೆ ಕೇಳಹೋದಾಗ ಜಾತಿಯ ಪ್ರಶ್ನೆಗೂ ಉತ್ತರ ಕೊಡಬೇಕಾದವಳು. ಇವನ್ನು ಬೇರೆ ಬೇರೆಯಾಗಿ ಎಣಿಸುವುದು ವಿದ್ವಾಂಸರಿಗೆ ಸುಲಭ. ಹೊರುವವಳಿಗೆ ಹೊರೆ ಒಂದೇ.

2016ರ ಫೆಬ್ರವರಿ 10ರಂದು ಕೇಂದ್ರ ಸರ್ಕಾರ ಭವಿಷ್ಯ ನಿಧಿಯ ಬಗ್ಗೆ ಹೊರಡಿಸಿದ ಪ್ರಕಟಣೆಯನ್ನು ಈ ದೃಷ್ಟಿಯಿಂದಲೇ ನೋಡಬೇಕು. ಕೆಲಸ ಬಿಟ್ಟವರು ತಮ್ಮ ವಂತಿಗೆಯನ್ನು ಪಡೆಯಬಹುದು. ಮಾಲೀಕರ ಪಾಲು ಮಾತ್ರ 58 ವರ್ಷ ತುಂಬುವವರೆಗೆ ನಿಧಿಯಲ್ಲಿಯೇ ಇರತಕ್ಕದ್ದು ಎಂಬುದು ಅದರ ಸಾರ. ಮುಪ್ಪಿಗೆ ಆಸರೆಯಾಗಲೆಂಬ ಉದ್ದೇಶವನ್ನು ಹಳಿಯುವಂತಿಲ್ಲ. ಆದರೆ ಕಚೇರಿಯ ಗುಮಾಸ್ತನಿಗೆ 58 ಎಂದರೆ ನಿವೃತ್ತಿಯ ಬಾಗಿಲು. ಆ ವಯಸ್ಸಿನ ಹೆಂಗಸು ಉಡುಪಿನ ಕಾರ್ಖಾನೆಯಲ್ಲಿ ಕಾಣಸಿಗುವುದೇ ಅಪರೂಪ. ಹೆರಿಗೆ, ಮಕ್ಕಳ ಪಾಲನೆ, ಸೊಂಟನೋವುಗಳಿಂದ ನಡುವೆಯೇ ಕೆಲಸ ಬಿಡುವವಳಿಗೆ ಆ ಹಣವೇ ಶಾಲೆಯ ಶುಲ್ಕ, ಭೋಗ್ಯದ ಮನೆಯ ಮುಂಗಡ, ಸಾಲದಿಂದ ಬಿಡುಗಡೆ. ಮಾಲೀಕರು ಕಟ್ಟುವ ಶೇಕಡಾ 12ರಲ್ಲಿ 8.33 ಪಿಂಚಣಿಗೆ ಹೋಗಿ, ನಿಧಿಗೆ ಸೇರುವುದು 3.67. ಇಷ್ಟಕ್ಕೇ ಇಷ್ಟು ಗದ್ದಲವೇ ಎಂದು ಕೇಳುವವರು ಆ ಸಂಬಳದಲ್ಲಿ ಒಂದು ತಿಂಗಳು ಸಂಸಾರ ನಡೆಸಿ ನೋಡಬೇಕು.

ಏಪ್ರಿಲ್ 18, 19ರಂದು ಹೊಸೂರು ರಸ್ತೆಯಲ್ಲಿಯೂ ಜಾಲಹಳ್ಳಿ ಕ್ರಾಸಿನಲ್ಲಿಯೂ ಸಾವಿರಾರು ಕಾರ್ಮಿಕರು ಸಂಘಗಳ ಕರೆಗೆ ಕಾಯದೆ ಬೀದಿಗಿಳಿದರು. ಬಸ್ಸುಗಳಿಗೆ ಬೆಂಕಿ ಬಿದ್ದದ್ದು ಶೋಚನೀಯವೇ ಸರಿ. 19ರಂದೇ ಪ್ರಕಟಣೆ ರದ್ದಾಯಿತು. ಮನವಿಯಿಂದಲೇ ಆಗಬಹುದಾಗಿದ್ದ ಕೆಲಸಕ್ಕೆ ರಸ್ತೆತಡೆ ಬೇಕಾಯಿತೇಕೆ? ನಿಯಮ ರೂಪಿಸುವವರ ಕಣ್ಣಮುಂದೆ ಇದ್ದ ನೌಕರ ಗಂಡಸು, ಖಾಯಂ ಹುದ್ದೆಯವನು, ಸ್ವಂತ ಮನೆಯವನು.

2025ರ ಅಕ್ಟೋಬರಿನಲ್ಲಿ ನಿಧಿಯ ಕೇಂದ್ರ ಮಂಡಳಿಯು ಮುಕ್ಕಾಲು ಪಾಲು ಹಣವನ್ನು ಸುಲಭವಾಗಿ ಪಡೆಯಲು ಅನುಕೂಲ ಕಲ್ಪಿಸಿ, ಕಾಲುಭಾಗವನ್ನು ಖಾತೆಯಲ್ಲಿ ಉಳಿಸಲು ನಿರ್ಧರಿಸಿತು. ಕೆಲಸ ಬಿಟ್ಟವರ ಪೂರ್ಣ ಲೆಕ್ಕ ತೀರಿಸುವ ಅವಧಿಯನ್ನು 2 ತಿಂಗಳಿಂದ 12 ತಿಂಗಳಿಗೆ ಏರಿಸಿತು. ಆ ಕಾಲುಭಾಗಕ್ಕಾಗಿ ವರ್ಷಕಾಲ ಕಾಯಬಲ್ಲವರು ಯಾರು, ಕಾಯಲಾರದವರು ಯಾರು ಎಂಬ ಪ್ರಶ್ನೆಯನ್ನು ಗೊರಗುಂಟೆಪಾಳ್ಯದ ಹೆಂಗಸರಿಗೂ ಒಮ್ಮೆ ಕೇಳಬಹುದಾಗಿತ್ತು.