ತಲೆಗೆ ಬೆಲೆ ಕಟ್ಟುವವರು

ಅಮೆರಿಕದ ಹೆಲ್ಮೆಟ್ ಕಂಪನಿಯೊಂದು ಕಳೆದ ಶತಮಾನದಲ್ಲಿ ಒಂದು ಜಾಹೀರಾತು ಹೊರಡಿಸಿತ್ತು. ನಿನ್ನದು ಹತ್ತು ಡಾಲರಿನ ತಲೆಯಾದರೆ ಹತ್ತು ಡಾಲರಿನ ಹೆಲ್ಮೆಟ್ಟನ್ನೇ ಹಾಕಿಕೋ ಎಂಬುದು ಅದರ ಸಾರ. ವಾರವೆಲ್ಲ ದುಡಿದು ರಜೆಯ ದಿನ ತಮ್ಮ ಗಾಡಿಯನ್ನು ಓಟದ ಕಣಕ್ಕಿಳಿಸುವ ಹವ್ಯಾಸಿಗಳು ಇದನ್ನು ವೇದವಾಕ್ಯವೆಂದು ನಂಬಿದರು. ಬಡವನ ತಲೆಯೂ ಅಗ್ಗವೆಂದು ಹೀಯಾಳಿಸಿ ಸರಕು ಮಾರುವ ಈ ನೀತಿಗೆ ಏನೆನ್ನಬೇಕು?

ಅಕ್ಕಿಯನ್ನು ಅಂಗೈಯಲ್ಲಿ ಹಿಡಿದು ನೋಡಬಹುದು. ಬಟ್ಟೆಯ ನೂಲೆಳೆದು ನೋಡಬಹುದು. ಹೆಲ್ಮೆಟ್ಟನ್ನು ಹಾಗೆ ಪರೀಕ್ಷಿಸಲಾದೀತೆ? ಗಟ್ಟಿ ಚಿಪ್ಪಿನೊಳಗಿನ ಥರ್ಮೊಕೋಲ್ ಪದರವು ಅಪ್ಪಚ್ಚಿಯಾಗಿ ಪೆಟ್ಟನ್ನು ತಾನು ನುಂಗಬೇಕು. ಒಮ್ಮೆ ಬಡಿದರೆ ಅದರ ಕೆಲಸ ಮುಗಿಯಿತು. ಕೊಳ್ಳುವವನ ಕಣ್ಣಿಗೆ ಬೀಳುವುದು ಬೆಲೆಯ ಚೀಟಿಯೊಂದೇ. ಬೆಲೆಯಿಂದ ಗುಣವನ್ನು ಅಳೆಯುವ ಈ ಚಾಳಿಯನ್ನು ಅರ್ಥಶಾಸ್ತ್ರಜ್ಞ ಟಿಬೋರ್ ಸಿಟೋವ್ಸ್ಕಿ 1940ರ ದಶಕದಲ್ಲೇ ವಿವರಿಸಿದ್ದರು. ಬೆಲೆ ಇಳಿಸಿದರೆ ಸರಕಿನ ಮೇಲೆಯೇ ಸಂಶಯ ಬರುವುದಾದರೆ, ಯಾವ ಬಂಡವಾಳಗಾರ ತಾನೇ ಬೆಲೆ ಇಳಿಸುತ್ತಾನೆ?

ಅದೇ ಚಿಪ್ಪು, ಅದೇ ಪದರ, ಅದೇ ಪಟ್ಟಿ. ಮೇಲೆ ಪ್ರಸಿದ್ಧ ಓಟಗಾರನ ಬಣ್ಣದ ಚಿತ್ತಾರ ಬಳಿದರೆ ಬೆಲೆ ಏರುತ್ತದೆ. ಬಣ್ಣವು ಪೆಟ್ಟನ್ನು ತಡೆಯುತ್ತದೆಯೇ?

ಹವ್ಯಾಸಿ ಕಾರ್ ಓಟಗಾರ ಪೀಟ್ ಸ್ನೆಲ್ 1956ರಲ್ಲಿ ಓಟದ ಅಪಘಾತದಲ್ಲಿ ತಲೆಗೆ ಪೆಟ್ಟಾಗಿ ಸತ್ತ. ತಲೆಯ ಮೇಲೆ ಹೆಲ್ಮೆಟ್ ಇತ್ತು, ಅದು ಕಾಯಲಿಲ್ಲ. ಅವನ ಸಂಗಾತಿಗಳೂ ಜಾರ್ಜ್ ಸ್ನೈವ್ಲಿ ಎಂಬ ವೈದ್ಯರೂ 1957ರಲ್ಲಿ ಲಾಭದ ಆಸೆಯಿಲ್ಲದ ಒಂದು ಪ್ರತಿಷ್ಠಾನ ಕಟ್ಟಿದರು. ಅವರು ಬೆಲೆಯನ್ನು ಕೇಳಲಿಲ್ಲ, ಹೆಲ್ಮೆಟ್ಟನ್ನು ಬಡಿದು ನೋಡಿದರು. ಬ್ರಿಟನ್ನಿನ ಸಾರಿಗೆ ಇಲಾಖೆಯೂ 2007ರಲ್ಲಿ ಮೋಟಾರ್ ಸೈಕಲ್ ಹೆಲ್ಮೆಟ್ಟುಗಳನ್ನು ಪರೀಕ್ಷಿಸಿ ಒಂದರಿಂದ ಐದು ನಕ್ಷತ್ರ ಕೊಡುವ ಯೋಜನೆ ತಂದಿತು. ಫಲವೇನು? ನೂರು ಪೌಂಡಿಗೂ ಕಡಿಮೆ ಬೆಲೆಯ ಕೆಲವು ಹೆಲ್ಮೆಟ್ಟುಗಳು ಐದು ನಕ್ಷತ್ರ ಪಡೆದವು. ಹಲವು ನೂರು ಪೌಂಡಿನ ಕೆಲವು ಹಿಂದೆ ಬಿದ್ದವು!

ಹಾಗೆಂದು ಅಗ್ಗದ್ದೆಲ್ಲ ಒಳ್ಳೆಯದೆಂದು ನಾವು ಹೇಳುತ್ತಿಲ್ಲ. ಮುಗ್ಗಿದ ಜೋಳವೂ ಅಗ್ಗವೇ. ಹೆಚ್ಚು ಹಣಕ್ಕೆ ಹಗುರ, ಗಾಳಿಯಾಟ, ನುಣುಪು ದೊರೆಯಬಹುದು; ಅವು ಸುಖದ ಮಾತು. ಜೀವದ ಮಾತನ್ನು ಬೆಲೆ ಹೇಳಲಾರದು, ಪರೀಕ್ಷೆ ಹೇಳುತ್ತದೆ.

ಗಿರಣಿಯ ರಾತ್ರಿ ಪಾಳಿ ಮುಗಿಸಿ ಗಾಡಿಯಲ್ಲಿ ಮನೆಗೆ ಮರಳುವ ಕಾರ್ಮಿಕನಿಗೂ ಈ ಮಾತು ಸಲ್ಲುತ್ತದೆ. 2021ರ ಜೂನ್ 1ರಿಂದ ನಮ್ಮ ದೇಶದಲ್ಲಿ ಐ.ಎಸ್.ಐ. ಗುರುತಿಲ್ಲದ ದ್ವಿಚಕ್ರ ಹೆಲ್ಮೆಟ್ ಮಾರುವಂತಿಲ್ಲ. ಆದರೆ ಗುರುತನ್ನು ಅಚ್ಚೊತ್ತುವುದು ನಕಲಿ ಮಾಲಿನವನಿಗೆ ಕಷ್ಟವೇ? ಅವನ ಕೈಗೆ ಸಿಕ್ಕುವವರು ಕಾರ್ಮಿಕನೂ ಹೌದು, ನಂಬಿ ಮಾಲು ತರಿಸಿದ ಚಿಲ್ಲರೆ ವ್ಯಾಪಾರಿಯೂ ಹೌದು. ಇವರಿಬ್ಬರನ್ನು ಪರಸ್ಪರ ಎತ್ತಿಕಟ್ಟುವುದರಿಂದ ಯಾರಿಗೆ ಲಾಭ?

ಆದುದರಿಂದ ನಮ್ಮ ಬೇಡಿಕೆ ಸ್ಪಷ್ಟ. ಸರ್ಕಾರವು ಅಂಗಡಿಗಳಿಂದಲೇ ಹೆಲ್ಮೆಟ್ ಕೊಂಡು, ಬಡಿದು ನೋಡಿ, ಫಲಿತಾಂಶವನ್ನು ಕನ್ನಡದಲ್ಲಿ ಪ್ರಕಟಿಸಲಿ. ಪ್ರತಿ ಅಂಗಡಿಯಲ್ಲೂ ಬೆಲೆಯ ಚೀಟಿಯ ಪಕ್ಕದಲ್ಲಿ ಪರೀಕ್ಷೆಯ ಚೀಟಿ ತೂಗಲಿ. ನಕಲಿ ಮಾಲು ಸಿಕ್ಕಿದರೆ ಮೊದಲು ಅದನ್ನು ತಯಾರಿಸಿದವನನ್ನು ಹಿಡಿಯಲಿ.

ಕೂಲಿಯವನ ತಲೆಬುರುಡೆ ಧಣಿಯ ತಲೆಬುರುಡೆಗಿಂತ ಗಟ್ಟಿಯಲ್ಲ, ಅಗ್ಗವೂ ಅಲ್ಲ!